ಇಂಟರ್‌ವಲ್ ಹರಟೆ: ಕುಂಬಳಕಾಯಿ ಒಡೆದ ಮೇಲೆ...

ಗೆಳೆಯರೇ, ನಮ್ಮ ಗಾಂಧಿನಗರದ ಭಾಷೆ ನಿಮಗೆ ಗೊತ್ತೇ ಇದೆ. ‘ಆ ಚಿತ್ರಕ್ಕೆ ಕುಂಬಳಕಾಯಿ ಆಯ್ತಾ?’ ಅಂದರೆ ಶೂಟಿಂಗ್ ಮುಗೀತಾ ಅಂತ ಅರ್ಥ. ಕೊನೇ ದಿನ ಕ್ಯಾಮೆರಾಕ್ಕೆ ಪೂಜೆ, ಬೂದುಗುಂಬಳಕ್ಕೆ ಕುಂಕುಮ, ಮೇಲೊಂದು ಕರ್ಪೂರ... ಢಬ್! ಕಾಯಿ ಚೂರು, ಯೂನಿಟ್ಟೂ ಚೂರು! ನಾಯಕ ಒಂದು ಕಡೆ, ನಾಯಕಿ ಒಂದು ಕಡೆ, ಲೈಟ್ ಬಾಯ್ ಇನ್ನೊಂದು ಕಡೆ.

ಆದರೆ ಈ ವಾರ ನಾನು ಹೇಳೋಕೆ ಹೊರಟಿದ್ದು ಜನರನ್ನ ಒಟ್ಟಿಗೆ ಕೂರಿಸೋ ಕುಂಬಳಕಾಯಿ ವಿಷಯ. ಇದು ಬೂದುಗುಂಬಳ ಅಲ್ಲ ಸ್ವಾಮಿ, ಸಿಹಿಗುಂಬಳ. ನಮ್ಮ ಸಾಗರದ ಕಡೆ ಚೀನೀಕಾಯಿ ಅಂತಾರೆ. ಹೆಸರಿಗೆ ಚೀನಿ, ಹುಟ್ಟೂರು ಅಮೆರಿಕಾ ಖಂಡ! ಮೆಕ್ಸಿಕೋದ ಗುಹೆಯೊಂದರಲ್ಲಿ ಸುಮಾರು 10,000 ವರ್ಷ ಹಳೇ ಕುಂಬಳದ ಬೀಜ ಸಿಕ್ಕಿವೆ.

ಮಳೆ ಹಿಂದೆ ಸರಿದು ಶರದೃತುವಿನ ಬಿಸಿಲು ಬಿದ್ದು ದೀಪಾವಳಿ ಬಂತು ಅಂದರೆ ನಮ್ಮಲ್ಲಿ ಚೀನೀಕಾಯಿ ಕಡುಬು ಆಗಲೇಬೇಕು. ತಿರುಳು ಕಡುಬಿಗೆ. ಬೀಜ? ಅದು ಹುರಿದು ತಿನ್ನೋಕೆ. ಅದಕ್ಕಾಗಿ ನಾವು ಮಕ್ಕಳು ಜಗಳ ಆಡ್ತಿದ್ವಿ.

1972ರಲ್ಲಿ ‘ಬಂಗಾರದ ಮನುಷ್ಯ’ ಬಂತು. ಅಣ್ಣಾವ್ರನ್ನ ನೋಡಿ ಪೇಟೆ ಹುಡುಗರು ಹಳ್ಳಿಗೆ ವಾಪಸ್ ಹೋದರು ಅಂತಾರೆ. ಈ ಬೃಹಸ್ಪತಿ ಮಾತ್ರ ಅದೇ ಚಿತ್ರ ನೋಡಿ ಹಳ್ಳಿ ಬಿಟ್ಟು ಬೆಂಗಳೂರು ಬಸ್ ಹತ್ತಿದ! ಅಪ್ಪಯ್ಯ ಅಂದಿದ್ದು ಒಂದೇ ಮಾತು: ‘ಸಿನಿಮಾ ಸೇರೋದಾದರೆ ಮತ್ತೆ ಈ ಹೊಸ್ತಿಲು ತುಳೀಬೇಡ.’

ಎರಡು ವರ್ಷ ತುಳೀಲಿಲ್ಲ. ಕ್ಲಾಪ್ ಹಿಡಿದೆ, ಟೀ ಹೊತ್ತೆ, ಬೈಸಿಕೊಂಡೆ. 1974ರ ದೀಪಾವಳಿಗೆ ಮುಂಚೆ ಅಮ್ಮನ ಕಾಗದ ಬಂತು. ಅದರಲ್ಲಿ ಇದ್ದಿದ್ದು ಇಷ್ಟೇ: ‘ಚೀನೀಕಾಯಿ ಬೀಜ ಒಣಗಿಸಿ ಇಟ್ಟಿದೀನಿ. ಬಾ.’

ಹೋದೆ. ಅಪ್ಪಯ್ಯ ಜಗಲಿ ಮೇಲೆ ಕೂತಿದ್ದರು, ತಲೆ ಎತ್ತಲಿಲ್ಲ. ಅಮ್ಮ ಸೀದಾ ಅಡಿಗೆಮನೆಗೆ ಕರೆದು ಸೌಟು ಕೈಗೆ ಕೊಟ್ಟಳು. ‘ನೀನೇ ಹುರಿ’ ಅಂದಳು.

ಹುರಿಯೋದೂ ಒಂದು ವಿದ್ಯೆ ಗುರುವೇ! ನಾರು ಬಿಡಿಸಿ, ಎರಡು ಮೂರು ನೀರಲ್ಲಿ ತೊಳೆದು, ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆಹಾಕಿ, ಬಸಿದು, ಗರಿಗರಿ ಆಗೋ ತನಕ ಬಿಸಿಲಿಗೆ ಹರಡಬೇಕು. ಹಸಿ ಇದ್ದರೆ ಹುರಿದರೂ ಚರ್ಮದ ಹಾಗೆ ಜಗ್ಗುತ್ತೆ. ಒಂದು ಬಟ್ಟಲು ಬೀಜಕ್ಕೆ ಒಂದು ಚಮಚ ಕೊಬ್ಬರಿ ಎಣ್ಣೆ, ಚಿಟಿಕೆ ಇಂಗು, ಕಬ್ಬಿಣದ ಬಾಣಲೆ, ಸಣ್ಣ ಉರಿ. ಹತ್ತು ಹದಿನೈದು ನಿಮಿಷ ಬಿಡದೆ ಕೈಯಾಡಿಸಿ. ಚಟ್ ಚಟ್ ಅಂತ ಸಿಡಿದು, ಹೊಟ್ಟೆ ಉಬ್ಬಿ, ಹೊಂಬಣ್ಣ ಬಂದರೆ ಆಯ್ತು. ಖಾರದ ಪುಡಿ ಮಾತ್ರ ಇಳಿಸಿದ ಮೇಲೆ. ಮೊದಲೇ ಹಾಕಿದರೆ ಸೀದು ಹೋಗುತ್ತೆ, ಮನೆಮಂದಿಗೆಲ್ಲಾ ಕೆಮ್ಮು. ಎಣ್ಣೆ ಇಲ್ಲದಿದ್ದರೆ ಖಾರ ಬೀಜಕ್ಕೆ ಹತ್ತಲ್ಲ, ಬಾಣಲೆಗೇ ಲಾಭ!

ಅಮ್ಮ ತಟ್ಟೆ ತಂದು ನಮ್ಮಿಬ್ಬರ ನಡುವೆ ಇಟ್ಟು ಒಳಗೆ ಹೋದಳು. ಅಪ್ಪಯ್ಯ ಒಂದು ಬೀಜ ಬಾಯಿಗೆ ಹಾಕಿ ಒದ್ದಾಡಿದರು. ಆಗಲೇ ನಾನು ನೋಡಿದ್ದು... ಅವರ ಮುಂದಿನ ಹಲ್ಲು ಎರಡೂ ಇರಲಿಲ್ಲ. ಎರಡು ವರ್ಷದಲ್ಲಿ ಬಿದ್ದು ಹೋಗಿದ್ದವು. ನನಗೆ ಗೊತ್ತೇ ಇರಲಿಲ್ಲ.

ನಾನು ಸಿಪ್ಪೆ ಸುಲಿದು ಒಂದೊಂದೇ ಹಸಿರು ತಿರುಳು ಅವರ ಅಂಗೈಗೆ ಹಾಕ್ತಾ ಹೋದೆ. ಅವರು ಬೇಡ ಅನ್ನಲಿಲ್ಲ. ಇಪ್ಪತ್ತೋ ಮೂವತ್ತೋ ಬೀಜ ಆದ ಮೇಲೆ ಮಾತು ಬಂತು.

‘ಅಲ್ಲೋ, ಸಿನಿಮಾದಲ್ಲಿ ಅಳ್ತಾರಲ್ಲ, ಅದು ನಿಜವಾದ ಅಳುವೇನೋ?’

‘ಇಲ್ಲ ಅಪ್ಪಯ್ಯ, ಎಷ್ಟೋ ಸಲ ಗ್ಲಿಸರಿನ್ ಹಾಕ್ತಾರೆ.’

‘ಹಾಗೋ...’ ಅಂದು ಪಂಚೆ ತುದಿಯಿಂದ ಕಣ್ಣೊರೆಸಿಕೊಂಡರು. ‘ನೀ ಖಾರದ ಪುಡಿ ಸ್ವಲ್ಪ ಜಾಸ್ತಿ ಹಾಕಿದೀಯ.’

ಹಾಕಿದ್ದು ಅರ್ಧ ಚಮಚ ಅಷ್ಟೇ. ನಾನು ತೆಪ್ಪಗೆ ‘ಹೂಂ’ ಅಂದೆ.

ಎಷ್ಟೋ ಸೆಂಟಿಮೆಂಟ್ ಸೀನು ನೋಡಿದೀನಿ ಗೆಳೆಯರೇ, ಇಂಥದ್ದು ಯಾವ ಡೈರೆಕ್ಟರೂ ನನಗೆ ತೋರಿಸಲಿಲ್ಲ. ಅವಲಕ್ಕಿ ಆದರೆ ಐದು ನಿಮಿಷದಲ್ಲಿ ತಿಂದು ಎದ್ದುಬಿಡಬಹುದು. ಈ ಬೀಜ ಹಾಗಲ್ಲ, ಒಂದೊಂದೇ ಸುಲೀಬೇಕು, ಕೂರಲೇಬೇಕು. ಕೈಗೆ ಕೆಲಸ ಇದ್ದಾಗ ಬಾಯಿ ತಾನಾಗೇ ಬಿಚ್ಚುತ್ತೆ.

ಈಗ ಅಪ್ಪಯ್ಯ ಇಲ್ಲ, ಅಮ್ಮನೂ ಇಲ್ಲ. ಬೆಂಗಳೂರಲ್ಲಿ ಸುಲಿದ ತಿರುಳೇ ಪ್ಯಾಕೆಟ್ಟಲ್ಲಿ ಸಿಗುತ್ತೆ, ಪ್ರೋಟೀನ್ ಇದೆ, ಮೆಗ್ನೀಷಿಯಂ ಇದೆ ಅಂತ ಡಾಕ್ಟರೂ ಹೇಳ್ತಾರೆ. ಆದರೂ ದೀಪಾವಳಿ ಬಂದರೆ ನಾನು ಇಡೀ ಕಾಯೇ ತರೋದು.

ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದನ್ನ ಓದ್ತಿರೋ ತಮ್ಮಂದಿರೇ, ಮನೇಲಿ ಮುನಿಸಿಕೊಂಡು ಬಂದಿದ್ದರೆ ಈ ಹಬ್ಬಕ್ಕೆ ಊರ ಬಸ್ಸೇ ಹತ್ತಿ. ಬೀಜ ನೀವೇ ಹುರೀರಿ. ಖಾರ ಸ್ವಲ್ಪ ಜಾಸ್ತಿಯೇ ಇರಲಿ, ಅಪ್ಪಂದಿರಿಗೆ ನೆಪ ಬೇಕಾಗುತ್ತೆ!

ಮುಂದಿನ ವಾರ ಸಿಗೋಣ.