ಹೋಗಿಬರುವ ಮಾತಿಗೆ ಸಾಕ್ಷಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವೆರಡನ್ನೂ ಮಾಡಿ ಮುಗಿಸಿ, ಸಾಲವನ್ನು ತೀರಿಸಿ, ಇನ್ನು ಮಕ್ಕಳೊಡನೆ ಹತ್ತು ದಿನ ಹಿಮ ಬೀಳುವ ನಾಡನ್ನು ನೋಡಿಬರೋಣವೆಂದು ಹೊರಟ ಗೃಹಸ್ಥನ ಮುಂದೆ ಈ ಕಾಲದಲ್ಲಿ ಮೂರನೆಯ ಪರೀಕ್ಷೆಯೊಂದು ಬಂದು ನಿಲ್ಲುತ್ತದೆ: ವೀಸಾ ತೆಗೆದು ನೋಡು! ಹಿಂದೆ ಸಮುದ್ರ ದಾಟಿದವನು ಮರಳಿ ಬಂದ ಮೇಲೆ ಊರಿನ ಕರ್ಮಠರೆದುರು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಗುತ್ತಿತ್ತು. ಇಂದು ಹೊರಡುವುದಕ್ಕೆ ಮುಂಚೆಯೇ, ಅದೂ ಪರದೇಶದವರೆದುರು, ಸಂಸಾರದ ಲೆಕ್ಕವನ್ನೆಲ್ಲ ಒಪ್ಪಿಸಬೇಕಾಗಿದೆ.

ಬಸವನಗುಡಿಯಂತಹ ಬಡಾವಣೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಯಜಮಾನರು ಕಾರ್ಖಾನೆಯೊಂದರಲ್ಲಿ ಅಧಿಕಾರಿ. ಮನೆಯಾಕೆ ಹಗಲೆಲ್ಲ ಸಂಸಾರ ತೂಗಿಸಿ, ಸಂಜೆ ನಾಲ್ಕಾರು ಹುಡುಗಿಯರಿಗೆ ವೀಣೆ ಹೇಳಿಕೊಡುವವರು. ಹದಿನೈದು ವರ್ಷದ ಮಗಳು, ಹತ್ತು ವರ್ಷದ ಮಗ. ಮಂಡಿನೋವಿನ ದೆಸೆಯಿಂದ 'ನೀವು ಹೋಗಿಬನ್ನಿ, ನಾನು ಮನೆ ನೋಡಿಕೊಂಡಿರುತ್ತೇನೆ' ಎಂದ ವೃದ್ಧ ತಾಯಿ. ಡಿಸೆಂಬರಿನ ಕೊನೆಯಲ್ಲಿ ಸ್ವಿಟ್ಜರ್ಲೆಂಡಿಗೆ ಪ್ರವಾಸವೆಂದು ಗೊತ್ತಾಗಿದೆ. ಇವರಲ್ಲಿ ಯಾರೊಬ್ಬರೂ ಈವರೆಗೆ ದೇಶದ ಗಡಿ ದಾಟಿದವರಲ್ಲ. ಊಟದ ಮೇಜಿನ ತುಂಬ ಅರ್ಜಿಯ ಹಾಳೆಗಳು ಹರಡಿರುವುದನ್ನು ಕಂಡು ಆ ತಾಯಿ ಕೇಳುವ ಪ್ರಶ್ನೆ ಸಹಜವಾದುದೇ: "ಹೋಗಿ ನೋಡ್ಕೊಂಡು ಬರೋದಕ್ಕೆ ಇಷ್ಟೊಂದು ಕಾಗದ ಯಾಕೋ?"

ಉತ್ತರ ಆ ಪ್ರಶ್ನೆಯಲ್ಲಿಯೇ ಅಡಗಿದೆ. ಕನ್ನಡಿಗರು ಮನೆಯಿಂದ ಹೊರಡುವಾಗ 'ಹೋಗುತ್ತೇನೆ' ಎನ್ನುವುದಿಲ್ಲ. 'ಹೋಗಿ ಬರುತ್ತೇನೆ' ಎನ್ನುತ್ತಾರೆ. 'ಬರುತ್ತೇನೆ' ಎಂಬುದನ್ನು ಮನೆಯವರು ನಂಬುತ್ತಾರೆ, ಸಾಕ್ಷಿ ಕೇಳುವುದಿಲ್ಲ. ದೂತಾವಾಸದ ಅಧಿಕಾರಿ ಮನೆಯವನಲ್ಲ. ಅರ್ಜಿದಾರರನ್ನು ಕಂಡವನೂ ಅಲ್ಲ. ಅವನಿಗೆ ಬೇಕಾದುದು ಆ ಎರಡನೆಯ ಪದಕ್ಕೆ ಸಾಕ್ಷಿ. ಎಲ್ಲಿಗೆ ಹೋಗುವರು, ಖರ್ಚು ಯಾರದು, ಯಾವುದು ಅವರನ್ನು ಮರಳಿ ಕರೆತರುವುದು — ಕೇಳುವ ಕಾಗದಗಳೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಇವೆ. ಕಟ್ಟು ಎಷ್ಟು ದಪ್ಪವಾಗಿದೆ ಎಂಬುದಕ್ಕಿಂತ, ಅದರೊಳಗಿನ ಕಾಗದಗಳೆಲ್ಲ ಒಂದೇ ಮಾತನ್ನು ಆಡುತ್ತವೆಯೇ ಎಂಬುದು ಮುಖ್ಯ.

ಮೊದಲನೆಯದು, ಎಲ್ಲಿಗೆ ಎಂಬ ಪ್ರಶ್ನೆ. ಸ್ವಿಟ್ಜರ್ಲೆಂಡಿಗೆ ಹೋಗುವವರು ಪಡೆಯುವುದು ಷೆಂಗೆನ್ ವೀಸಾ. ಷೆಂಗೆನ್ ಎಂಬುದು ಲಕ್ಸೆಂಬರ್ಗಿನಲ್ಲಿ ಮೊಸೆಲ್ ನದಿಯ ದಂಡೆಯ ಮೇಲಿರುವ ಪುಟ್ಟ ಹಳ್ಳಿ. 1985ರ ಜೂನ್ 14ರಂದು ಅಲ್ಲಿ, ನದಿಯಲ್ಲಿದ್ದ ಹಡಗೊಂದರ ಮೇಲೆ ಐದು ದೇಶಗಳು ಸೇರಿ, ತಮ್ಮೊಳಗಿನ ಗಡಿ ತಪಾಸಣೆಯನ್ನು ಕ್ರಮೇಣ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಮಾಡಿದವು. ಸ್ವಿಟ್ಜರ್ಲೆಂಡಿನ ಗಡಿಗಳು ಆ ಕೂಟಕ್ಕೆ ತೆರೆದುಕೊಂಡದ್ದು 2008ರಲ್ಲಿ. 2025ರ ಆರಂಭದಲ್ಲಿ ಬಲ್ಗೇರಿಯ ಮತ್ತು ರುಮೇನಿಯಗಳು ಪೂರ್ಣವಾಗಿ ಸೇರಿದ ಮೇಲೆ ಒಟ್ಟು ದೇಶಗಳು 29 ಆದವು. ಒಂದೇ ವೀಸಾದಲ್ಲಿ ಇವುಗಳನ್ನೆಲ್ಲ ಸುತ್ತಬಹುದು. ಆದರೆ ಅರ್ಜಿಯನ್ನು ಹಾಕಬೇಕಾದುದು ಹೆಚ್ಚು ದಿನ ತಂಗುವ ದೇಶಕ್ಕೆ. ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. 'ಆ ದೇಶದವರು ಬೇಗ ಕೊಡುತ್ತಾರೆ. ಅಲ್ಲಿಗೆ ಅರ್ಜಿ ಹಾಕಿ, ಆಮೇಲೆ ಬೇಕಾದಲ್ಲಿಗೆ ಹೋಗಿ' ಎಂದು ಸಲಹೆ ಕೊಡುವ ಜಾಣರುಂಟು. ಆ ಜಾಣತನದ ಫಲವನ್ನು ಗಡಿಯಲ್ಲಿ ಉಣ್ಣಬೇಕಾದವರು ಸಲಹೆ ಕೊಟ್ಟವರಲ್ಲ. ನಡುವೆ ಲಂಡನ್ನಿಗೂ ಹೋಗಿಬರುವ ಆಸೆಯಿದ್ದರೆ, ಅದಕ್ಕೆ ಬೇರೆಯೇ ವೀಸಾ ಬೇಕು. ಮರಳಿ ಷೆಂಗೆನ್ ನಾಡಿಗೆ ಬರುವುದಾದರೆ ಎರಡು ಬಾರಿ ಪ್ರವೇಶಿಸುವ ಅನುಮತಿಯೂ ಬೇಕು.

ದಿನವಹಿಯ ಪಟ್ಟಿಯನ್ನು ಬರೆಯುವಾಗ ಚಳಿಗಾಲವನ್ನು ಮರೆಯಲಾಗದು. ಜೂರಿಕ್‌ನಲ್ಲಿ ಡಿಸೆಂಬರಿನ ಸೂರ್ಯ ಬೆಳಗಿನ ಎಂಟು ಗಂಟೆಯ ಮೇಲೆ ಮೂಡಿ, ಸಂಜೆ ಐದರೊಳಗೇ ಮುಳುಗುತ್ತಾನೆ. ಎತ್ತರದ ಕಣಿವೆದಾರಿಗಳಲ್ಲಿ ಹಲವು ಹಿಮ ತುಂಬಿ ಮುಚ್ಚಿರುತ್ತವೆ. 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಕ್‌ಗೆ 1912ರಿಂದ ಓಡುತ್ತಿರುವ ರೈಲೇನೋ ಚಳಿಗಾಲದಲ್ಲಿಯೂ ಏರುತ್ತದೆ; ಆದರೆ ಅದೇ ದಿನ ಇನ್ನೆರಡು ಊರುಗಳನ್ನು ಸೇರಿಸಿ ಬರೆದ ಪಟ್ಟಿಯನ್ನು ಆ ನಾಡನ್ನು ಬಲ್ಲವರು ನಂಬುವುದು ಕಷ್ಟ. ಮಾಡಲಾಗುವಷ್ಟನ್ನೇ ಬರೆದ ಪಟ್ಟಿ ವೀಸಾಕ್ಕೂ ಒಳ್ಳೆಯದು, ಮಕ್ಕಳ ಕಾಲಿಗೂ ಒಳ್ಳೆಯದು.

ಕಾಲದ ವಿಷಯ ಇನ್ನೂ ಕಟ್ಟುನಿಟ್ಟು. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಹದಿನೈದು ದಿನಕ್ಕಿಂತ ತಡಮಾಡುವಂತೆಯೂ ಇಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ. ಹೆಚ್ಚಿನ ವಿಚಾರಣೆ ಬೇಕೆನಿಸಿದರೆ 45 ದಿನದವರೆಗೂ ಎಳೆಯಬಹುದು. ಕ್ರಿಸ್‌ಮಸ್ ರಜೆಗೆ ಹೊರಡುವವರು ದಸರೆಯ ಬೊಂಬೆಗಳನ್ನು ಕೆಳಗಿಳಿಸುವ ಹೊತ್ತಿಗಾದರೂ ಅರ್ಜಿಯನ್ನು ಒಪ್ಪಿಸಿರುವುದು ಮೇಲು. ಪಾಸ್‌ಪೋರ್ಟು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಹಿಂದಿರುಗುವ ದಿನದಿಂದಾಚೆ ಮೂರು ತಿಂಗಳಾದರೂ ಊರ್ಜಿತವಾಗಿರಬೇಕು, ಎರಡು ಪುಟ ಖಾಲಿಯಿರಬೇಕು. ದೊಡ್ಡವರದನ್ನು ನೋಡಿ ನಿಶ್ಚಿಂತರಾದ ಮನೆಗಳು ಎಡವುವುದು ಚಿಕ್ಕವರಲ್ಲಿ: ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದೇ ವರ್ಷ.

ಇನ್ನು ಹೆಸರು. ಇದು ನಮ್ಮ ಕಡೆಯವರ ವಿಶೇಷ ತೊಡಕು. ಊರಿನ ಹೆಸರು, ತಂದೆಯ ಹೆಸರು ಎರಡೂ ಮೊದಲಕ್ಷರಗಳಾಗಿ ಹೆಸರಿನ ಹಿಂದೆ ನಿಲ್ಲುವುದು ನಮ್ಮ ಸಂಪ್ರದಾಯ. ಬ್ಯಾಂಕಿನ ಪುಸ್ತಕದಲ್ಲಿ ಎರಡಕ್ಷರ, ಸಂಬಳದ ಚೀಟಿಯಲ್ಲಿ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ಉದ್ದವಾಗಿ ನಿಂತಿರುತ್ತವೆ. ಮನೆಯಾಕೆಗಂತೂ ತವರಿನ ಹೆಸರೊಂದು, ಮದುವೆಯ ಮೇಲಿನ ಹೆಸರೊಂದು. ಅರ್ಜಿ, ವಿಮಾನದ ಚೀಟಿ, ವಿಮೆ, ಹೋಟೆಲು ಎಲ್ಲದರಲ್ಲಿಯೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಬೇಕು. ಹಳೆಯ ದಾಖಲೆಗಳಲ್ಲಿ ವ್ಯತ್ಯಾಸವಿದ್ದರೆ, ಜೊತೆಗಿಡುವ ಪತ್ರದಲ್ಲಿ ಅದನ್ನು ಎರಡು ಸಾಲಿನಲ್ಲಿ ತಿಳಿಸಿಬಿಡುವುದು ಲೇಸು.

ಎರಡನೆಯ ಪ್ರಶ್ನೆ ಹಣದ್ದು. ಮಧ್ಯಮ ವರ್ಗದ ಮನೆಯ ಐಶ್ವರ್ಯ ಬ್ಯಾಂಕಿನಲ್ಲಿ ಕೂತಿರುವುದು ಅಪರೂಪ. ಅದು ಸೈಟಿನಲ್ಲಿದೆ, ಮಗಳಿಗೆಂದು ಮಾಡಿಸಿಟ್ಟ ಬಳೆಯಲ್ಲಿದೆ, ಚೀಟಿಯ ಕಂತಿನಲ್ಲಿದೆ. ದೂತಾವಾಸದವರು ನೋಡುವುದು ಕಳೆದ ಕೆಲವು ತಿಂಗಳುಗಳ ಬ್ಯಾಂಕಿನ ಲೆಕ್ಕವನ್ನು, ಸಂಬಳದ ಚೀಟಿಯನ್ನು, ಆದಾಯ ತೆರಿಗೆಯ ವಿವರವನ್ನು. ಸ್ವಿಟ್ಜರ್ಲೆಂಡಿನವರು ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುವ ಪ್ರವಾಸಿಗೆ ದಿನವೊಂದಕ್ಕೆ ಸುಮಾರು 100 ಫ್ರಾಂಕ್ ಎಂದು ಲೆಕ್ಕ ಹಿಡಿಯುತ್ತಾರೆ. ಆಗ ಭಾವಮೈದುನರು ಸದುದ್ದೇಶದಿಂದಲೇ ಹೇಳುತ್ತಾರೆ: "ಭಾವ, ಒಂದು ವಾರದ ಮಟ್ಟಿಗೆ ಎರಡು ಲಕ್ಷ ನಿಮ್ಮ ಖಾತೆಗೆ ಹಾಕಿರ್ತೀನಿ, ಕಾಗದ ತೆಗೆಸಿಕೊಂಡು ವಾಪಸು ಕೊಡಿ." ಪ್ರೀತಿಯ ಈ ಮಾತೇ ಅಪಾಯದ್ದು. ತಿಂಗಳುಗಟ್ಟಲೆ ಶಾಂತವಾಗಿದ್ದ ಲೆಕ್ಕದಲ್ಲಿ ಅರ್ಜಿಯ ಹಿಂದಿನ ವಾರ ದಿಢೀರನೆ ಎದ್ದು ನಿಂತ ಮೊತ್ತ ನುರಿತ ಕಣ್ಣಿಗೆ ಬೀಳದೆ ಇರದು. ಕಡಮೆಯಾದರೂ ದುಡಿದು ಕೂಡಿಸಿದ್ದೆಂದು ತೋರುವ ಹಣವೇ ಹೆಚ್ಚು ಬಲವಾದ ಸಾಕ್ಷಿ. ಹಣ ಸಾಲದಿದ್ದರೆ ಹತ್ತು ದಿನವನ್ನು ಏಳು ದಿನ ಮಾಡಿಕೊಳ್ಳುವುದು ಅವಮಾನವಲ್ಲ.

ಅರ್ಜಿಯಲ್ಲಿ ಉದ್ಯೋಗವೆಂಬ ಅಂಕಣವೊಂದಿದೆ. ಯಜಮಾನರದು ಅರ್ಧ ನಿಮಿಷದಲ್ಲಿ ತುಂಬಿತು. ಮನೆಯಾಕೆಯ ಹಾಳೆಯ ಮೇಲೆ ಲೇಖನಿ ನಿಲ್ಲುತ್ತದೆ. ಈ ಪ್ರವಾಸದ ಮೊದಲ ಇಡಿಗಂಟು ಸಾಸಿವೆ ಡಬ್ಬಿಯಿಂದಲೂ ವೀಣೆಪಾಠದ ಕಾಣಿಕೆಯಿಂದಲೂ ಹುಟ್ಟಿದ್ದು. ಆದರೂ ಖರ್ಚು ಯಾರದೆಂಬಲ್ಲಿ ಗಂಡನ ಹೆಸರನ್ನು ಬರೆಯಬೇಕಾಗಿದೆ. ಇಲ್ಲಿಯೂ ಕೆಲವು ಏಜೆಂಟರು, ಪರಿಚಿತರ ಅಂಗಡಿಯಲ್ಲಿ ಆಕೆಗೊಂದು ಹುದ್ದೆಯನ್ನು ಸೃಷ್ಟಿಸಿ ಪತ್ರ ತರಿಸೋಣವೆನ್ನುತ್ತಾರೆ. ಆ ಮಾತಿಗೆ ಕಿವಿಗೊಡಬಾರದು. ಗೃಹಿಣಿ ಎಂದು ಬರೆಯುವುದರಿಂದ ವೀಸಾ ತಪ್ಪಿಹೋಗುವುದಿಲ್ಲ. ಗಂಡನ ಒಪ್ಪಿಗೆಯ ಪತ್ರ, ವಿವಾಹದ ದಾಖಲೆ, ಆಕೆಯ ಹೆಸರಿನ ಠೇವಣಿಯಿದ್ದರೆ ಅದರ ವಿವರ ಜೊತೆಗಿಟ್ಟರಾಯಿತು. ಸುಳ್ಳು ಪತ್ರವೊಂದು ಸಿಕ್ಕಿಬಿದ್ದರೆ ಮಾತ್ರ ಉಳಿದ ನಿಜವಾದ ಕಾಗದಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಆದರೆ ಈ ಅಂಕಣದಿಂದ ಪ್ರತಿ ಮನೆಯೂ ಒಂದು ಪಾಠ ಕಲಿಯಬಹುದು: ಆಕೆ ಕೂಡಿಸಿದ ಹಣ ಡಬ್ಬಿಯಲ್ಲಿ ಉಳಿಯದೆ, ಆಕೆಯ ಹೆಸರಿನ ಖಾತೆಗೇ ಹೋಗಲಿ.

ಮೂರನೆಯ ಪ್ರಶ್ನೆ ಮರಳುವುದರದ್ದು. ರಜೆ ಮಂಜೂರಾಯಿತೆಂದೂ ಇಂಥ ದಿನ ಕೆಲಸಕ್ಕೆ ಹಾಜರಾಗಬೇಕೆಂದೂ ಹೇಳುವ ಕಾರ್ಖಾನೆಯ ಪತ್ರ, ಮಕ್ಕಳ ಶಾಲೆಯ ಪತ್ರ, ಹಿಂದಿರುಗುವ ವಿಮಾನದ ಕಾಯ್ದಿರಿಸುವಿಕೆ, ಮನೆಯ ಕಂದಾಯದ ರಸೀತಿ — ಇವೆಲ್ಲ ಆ ಮಾತಿನ ಸಾಕ್ಷಿಗಳು. ಇವುಗಳೊಡನೆ ಪ್ರಯಾಣದ ವಿಮೆ ಕಡ್ಡಾಯ: ಕನಿಷ್ಠ 30,000 ಯೂರೋ ಮೊತ್ತದ್ದು, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸುವಂಥದ್ದು. ಮಕ್ಕಳು ಹಿಮದ ಮೇಲೆ ಜಾರುವ ಆಟಕ್ಕಿಳಿಯುವುದು ನಿಶ್ಚಯವಾದುದರಿಂದ, ಅದರಲ್ಲಾಗುವ ಪೆಟ್ಟಿಗೂ ವಿಮೆ ಒದಗುವುದೇ ಎಂಬುದನ್ನು ಮೊದಲೇ ಓದಿನೋಡಬೇಕು. ಎಷ್ಟೋ ವಿಮೆಗಳು ಅದನ್ನು ಹೊರಗಿಡುತ್ತವೆ.

ಅರ್ಜಿಯನ್ನೊಪ್ಪಿಸುವ ದಿನ ಅಷ್ಟು ಭಯಪಡಬೇಕಾದುದಲ್ಲ. ಬೆಂಗಳೂರಿನ ಅರ್ಜಿ ಕೇಂದ್ರದವರು ಕಾಗದ ಪಡೆದು, ಫೋಟೋ ಮತ್ತು ಬೆರಳಚ್ಚು ತೆಗೆದುಕೊಳ್ಳುತ್ತಾರೆ, ತೀರ್ಮಾನಿಸುವವರು ಅವರಲ್ಲ. ಹನ್ನೆರಡು ವರ್ಷದೊಳಗಿನವರಿಗೆ ಬೆರಳಚ್ಚಿಲ್ಲ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, ಆರು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ 45. ನಮ್ಮ ಈ ಮನೆಗೆ ಒಟ್ಟು 315 ಯೂರೋ, ಅದರ ಮೇಲೆ ಕೇಂದ್ರದ ಸೇವಾಶುಲ್ಕ. ವೀಸಾ ಸಿಗದಿದ್ದರೂ ಈ ಹಣ ಮರಳದು. ಆದಕಾರಣ ರದ್ದುಮಾಡಲಾಗದ ವಿಮಾನದ ಚೀಟಿಯನ್ನೂ ಉಣ್ಣೆಯ ಕೋಟುಗಳನ್ನೂ ವೀಸಾ ಕೈಸೇರಿದ ಮೇಲೆ ಕೊಳ್ಳುವುದೇ ವಿವೇಕ.

ನಿರಾಕರಣೆ ಬಂದರೆ ಅದನ್ನು ಮನೆತನದ ಮರ್ಯಾದೆಯ ಮೇಲೆ ಬಿದ್ದ ಪೆಟ್ಟೆಂದು ಭಾವಿಸಬೇಕಾಗಿಲ್ಲ. ಕಾರಣವನ್ನು ಗುರುತುಹಾಕಿದ ಪತ್ರವನ್ನು ಕೊಡುತ್ತಾರೆ, ಮೇಲ್ಮನವಿಗೆ ಹಕ್ಕುಂಟು, ಕೊರತೆಯನ್ನು ತುಂಬಿ ಹೊಸ ಅರ್ಜಿಯನ್ನೂ ಹಾಕಬಹುದು. ಅದರ ದಾಖಲೆ ಐದು ವರ್ಷ ಅವರ ಗಣಕಗಳಲ್ಲಿ ಉಳಿಯುವುದರಿಂದ, ಮುಂದಿನ ಅರ್ಜಿಯಲ್ಲಿ ಮುಚ್ಚಿಡುವ ಯತ್ನ ಮಾತ್ರ ಕೂಡದು.

ವೀಸಾ ಬಂದಿತೆನ್ನೋಣ. ಸಿಹಿ ಹಂಚುವ ಮುನ್ನ ಆ ಚೀಟಿಯ ಮೇಲಿನ ಹೆಸರು, ತಾರೀಖು, ತಂಗಬಹುದಾದ ದಿನಗಳ ಸಂಖ್ಯೆ, ಎಷ್ಟು ಬಾರಿ ಪ್ರವೇಶ ಎಂಬುದನ್ನು ನಾಲ್ವರದನ್ನೂ ಓದಿನೋಡಬೇಕು. ಗಡಿಯ ಅಧಿಕಾರಿ ಮತ್ತೊಮ್ಮೆ ಕೇಳಬಹುದಾದುದರಿಂದ ಕಾಗದಗಳ ಕಟ್ಟು ಪೆಟ್ಟಿಗೆಯಲ್ಲಿರದೆ ಕೈಚೀಲದಲ್ಲಿರಬೇಕು. ಪಾಸ್‌ಪೋರ್ಟು, ವೀಸಾ, ವಿಮೆ, ಹೋಟೆಲಿನ ವಿಳಾಸ ಇವುಗಳ ಪ್ರತಿಯೊಂದನ್ನು ಮನೆಯಲ್ಲಿ ಉಳಿಯುವವರ ಕೈಗೆ ಕೊಟ್ಟಿರಬೇಕು. ಆ ತಾಯಿಯ ಹೆಸರಿಗೆ ಅರ್ಜಿಯಲ್ಲಿ ಯಾವ ಅಂಕಣವೂ ಇರಲಿಲ್ಲ. ಮಗ, ಸೊಸೆ, ಮೊಮ್ಮಕ್ಕಳು ಮರಳಿ ಬರುವುದಕ್ಕೆ ಇರುವ ದೊಡ್ಡ ಕಾರಣ ಅವರೇ. ಯಾವ ದಿನ ಯಾವ ಊರಿನಲ್ಲಿರುವರೆಂಬ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು, ಅವರ ಕಣ್ಣಿಗೆ ಕಾಣುವಂತೆ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿ ಹೊರಡುವುದು ಒಳ್ಳೆಯದು.