ನಾಳೆಯನ್ನು ಬದುಕುವವರನ್ನು ಇಂದೇ ಕೇಳೋಣ

ಪಿಯುಸಿ ಫಲಿತಾಂಶ ಪ್ರಕಟವಾಗುತ್ತಲೇ ನಮ್ಮ ಮನೆಗಳಲ್ಲಿ ಭವಿಷ್ಯದ ಚರ್ಚೆ ಆರಂಭವಾಗುತ್ತದೆ. ವೈದ್ಯಕೀಯವೋ ಇಂಜಿನಿಯರಿಂಗೋ, ಊರಿನಲ್ಲಿಯೋ ಗಲ್ಫ್‌ನಲ್ಲಿಯೋ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಆದರೆ ಆ ಭವಿಷ್ಯವನ್ನು ಬದುಕಬೇಕಾದವರು ಇಂದು ಹೇಗೆ ಬದುಕುತ್ತಿದ್ದಾರೆ ಎಂದು ಅವರನ್ನೇ ಕೇಳುವವರು ವಿರಳ. ಮನೆಯಲ್ಲಿ ಕೇಳದೆ ಉಳಿದ ಈ ಪ್ರಶ್ನೆ ಇಂದು ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನದ ವಿಷಯವಾಗಿದೆ. ನಮ್ಮ ಮಕ್ಕಳಲ್ಲಿ ಕೆಲವರಾದರೂ ಅದನ್ನು ಓದಬೇಕು, ಆ ಓದನ್ನು ನಾವು ಗೌರವಿಸಬೇಕು ಎಂಬುದು ನಮ್ಮ ಅಭಿಮತ.

ಸುಸ್ಥಿರ ಅಭಿವೃದ್ಧಿ ಎಂಬ ಚಿಂತನೆಯನ್ನು ಜಗತ್ತಿನಲ್ಲಿ ಪ್ರಚುರಪಡಿಸಿದ್ದು 1987ರ ಬ್ರಂಟ್‌ಲಾಂಡ್ ಆಯೋಗದ ವರದಿ. ಇಂದಿನವರ ಅಗತ್ಯಗಳನ್ನು ಪೂರೈಸುವ ಭರದಲ್ಲಿ ಮುಂದಿನ ಪೀಳಿಗೆಯ ಪಾಲನ್ನು ಕಸಿಯಬಾರದು ಎಂಬುದು ಅದರ ಸಾರ. ಅಂದು ಮುಂದಿನ ಪೀಳಿಗೆ ಎನಿಸಿಕೊಂಡವರಲ್ಲಿ ಎಷ್ಟೋ ಮಂದಿ ಇಂದು ಮಕ್ಕಳ ತಂದೆತಾಯಂದಿರು. ಈ ಅವಧಿಯಲ್ಲಿ ಗಾಳಿ, ನೀರು, ಮಣ್ಣನ್ನು ಅಳೆದಷ್ಟು ಶ್ರದ್ಧೆಯಿಂದ ಯುವಜನರ ದಿನಚರಿಯನ್ನು ಗಮನಿಸಿದ್ದು ಕಡಿಮೆ.

ಈ ಕೊರತೆಯನ್ನು ತುಂಬಲು ಹೊರಟ ಅಧ್ಯಯನಗಳಲ್ಲಿ ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದ ಸಂಶೋಧಕರು ಇತರ ದೇಶಗಳ ವಿದ್ವಾಂಸರೊಡನೆ ಕೈಗೊಂಡ ‘ಸೈಕಲ್ಸ್’ ಯೋಜನೆಯೂ ಒಂದು. ದೆಹಲಿ, ಢಾಕಾ, ಲಂಡನ್, ಯೊಕೊಹಾಮಾ, ಸಾವೊ ಪಾಲೊ, ಕ್ರೈಸ್ಟ್‌ಚರ್ಚ್ ಮತ್ತು ದಕ್ಷಿಣ ಆಫ್ರಿಕಾದ ಮಖಂಡಾ ಎಂಬ ಏಳು ನಗರಗಳ 12ರಿಂದ 24 ವರ್ಷದವರ ನಿತ್ಯಜೀವನವನ್ನು ಅವರ ಮಾತಿನಲ್ಲೇ ಅರಿಯುವುದು ಅದರ ಉದ್ದೇಶ. ಶ್ರೀಮಂತ ಮತ್ತು ಬಡ ನಗರಗಳನ್ನು ಜೊತೆಗಿಟ್ಟು ನೋಡುವುದರಲ್ಲಿ ಒಂದು ನ್ಯಾಯವಿದೆ. ಅಗತ್ಯಕ್ಕಿಂತ ಹೆಚ್ಚು ಕೊಳ್ಳುವ ಯುವಕನಿಗೆ ಸುಸ್ಥಿರತೆಯೆಂದರೆ ಮಿತವ್ಯಯ. ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ಯುವತಿಗೆ ಅದೇ ಉಪದೇಶ ನೀಡುವುದು ಕ್ರೌರ್ಯ. ಆಕೆಗೆ ಮೊದಲು ನೀರು ಬೇಕು.

ನಮ್ಮ ದೇಶದಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸುವಂತೆ ಸುಪ್ರೀಂ ಕೋರ್ಟ್ 1991ರಲ್ಲೇ ಸೂಚಿಸಿತು. ಬಳಿಕ ಯುಜಿಸಿಯು ಪದವಿ ತರಗತಿಗಳಿಗೆ ಅದರ ಪಠ್ಯವನ್ನೂ ರೂಪಿಸಿತು. ಇದು ಸ್ವಾಗತಾರ್ಹ. ಆದರೆ ಅನೇಕ ಕಾಲೇಜುಗಳಲ್ಲಿ ಅದು ಬಾಯಿಪಾಠ ಮಾಡಿ ತೇರ್ಗಡೆಯಾಗುವ ಪತ್ರಿಕೆಯಾಗಿಯೇ ಉಳಿದಿದೆ. ಓಝೋನ್ ಪದರದ ಕುರಿತು ಎರಡು ಪುಟ ಬರೆಯುವ ವಿದ್ಯಾರ್ಥಿನಿಯೊಡನೆ, ಅವಳ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಅವಳ ಓಣಿಯ ಚರಂಡಿ ಎಲ್ಲಿಗೆ ಹರಿಯುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ.

ಈ ಮೌನದ ಬೆಲೆಯನ್ನು ತೆರುತ್ತಿರುವುದು ನಮ್ಮ ಮಕ್ಕಳೇ. ಮಗ ಸದಾ ಮೊಬೈಲ್ ಹಿಡಿದಿರುತ್ತಾನೆ ಎಂದು ದೂರುತ್ತೇವೆ. ಆಡಲು ಮೊಹಲ್ಲಾದಲ್ಲಿ ಒಂದು ಬಯಲಿದೆಯೇ ಎಂದು ನೋಡುವುದಿಲ್ಲ. ಸಂಜೆ ಬಸ್ಸಿಲ್ಲದೆ ಓದು ನಿಲ್ಲಿಸಿದ ಹುಡುಗಿಗೆ ಓದಿನಲ್ಲಿ ಆಸಕ್ತಿಯಿರಲಿಲ್ಲ ಎಂದು ಷರಾ ಬರೆಯುತ್ತೇವೆ. ಇಂತಹ ಸಂಗತಿಗಳನ್ನು ಸಂಗ್ರಹಿಸಿ, ದಾಖಲಿಸಿ, ನಗರಸಭೆಯ ಮುಂದೆ ಪುರಾವೆಸಹಿತ ಇಡಬಲ್ಲವರು ನಮ್ಮ ಮನೆಗಳಿಂದಲೂ ಬರಬೇಕಲ್ಲವೇ?

ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ ಎಂಬ ಆತಂಕ ನ್ಯಾಯಯುತವಾದುದು. ಸಾಲ ಮಾಡಿ ಓದಿಸುವ ತಂದೆಗೆ ಆದರ್ಶವೊಂದೇ ಸಾಲದು. ಆದರೆ ನಗರ ಯೋಜನೆ, ಸಂಶೋಧನೆ, ಬೋಧನೆ, ಸ್ವಯಂಸೇವಾ ಸಂಸ್ಥೆಗಳು ಮುಂತಾದ ಹಾದಿಗಳಿವೆ. ಬೆಂಗಳೂರಿನ ಅಜೀಮ್ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ಅಧ್ಯಯನದ ಸ್ನಾತಕೋತ್ತರ ಪದವಿಯಿದೆ. ಅರ್ಹರಿಗೆ ಆರ್ಥಿಕ ನೆರವೂ ಇದೆ. ಸಂಬಳವು ಇಂಜಿನಿಯರನಷ್ಟು ಬೇಗ ಬಾರದಿರಬಹುದು. ಆದರೆ ಎಲ್ಲರೂ ಒಂದೇ ಬಾಗಿಲಿನಲ್ಲಿ ನೂಕುನುಗ್ಗಲು ನಡೆಸುವುದರಿಂದ ಸಮುದಾಯಕ್ಕೆ ಒಳಿತಾಗದು.

ಭೂಮಿಯನ್ನು ಅಮಾನತ್ ಎಂದು ನಂಬುವ, ಸಮಾಲೋಚನೆಯನ್ನು ಸದ್ಗುಣವೆಂದು ಕಲಿತ ಕುಟುಂಬಗಳಿಗೆ ಇದು ಹೊರಗಿನ ಪಾಠವಲ್ಲ. ಸಮಾಲೋಚನೆಯಲ್ಲಿ ಹದಿನೇಳರ ಹರೆಯದವರಿಗೂ ಒಂದು ಸ್ಥಾನವಿರಲಿ. ಈ ಬಾರಿ ಅರ್ಜಿ ತುಂಬುವ ಮುನ್ನ ಅವರ ಮಾತನ್ನು ಕೊನೆಯವರೆಗೂ ಕೇಳೋಣ. ಅವರು ಆರಿಸಿದ ದಾರಿ ನಮಗೆ ಅಪರಿಚಿತವೆಂಬ ಒಂದೇ ಕಾರಣಕ್ಕೆ ಅದನ್ನು ಮುಚ್ಚದಿರೋಣ.