ಮಾಹಿತಿ ಕೊಡುವವನಿಗೆ ಬಾಗಿಲು ಮುಚ್ಚಬೇಡಿ

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಓಡುತ್ತಿದ್ದ ರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿತು. ದಿನದ ದುಡಿಮೆಗೆ ಹೊರಟ ರಿಕ್ಷಾ ಚಾಲಕ, ಪಾಪ, ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಎರಡು ದಿನ ಕಳೆದು ಮದ್ರಸದಲ್ಲಿ ಐದನೇ ತರಗತಿಯ ಒಬ್ಬ ಹುಡುಗ ಕೇಳಿದ: "ಉಸ್ತಾದ್, ಇನ್ನು ನಮ್ಮನ್ನೆಲ್ಲ ಪೊಲೀಸರು ಹಿಡೀತಾರಾ?" "ಹಾಗೆಲ್ಲ ಏನಿಲ್ಲ, ಕಿತಾಬು ತೆಗಿ" ಅಂದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಒಂದು ದೇಶ ದುಡ್ಡು, ಆಯುಧ ಕೊಟ್ಟು ಭಯೋತ್ಪಾದಕರನ್ನು ಕಳಿಸಿದರೆ ಸರ್ಕಾರಕ್ಕೆ ಎದುರಾಳಿ ಯಾರೆಂದು ಗೊತ್ತಿರುತ್ತದೆ. ರಾಯಭಾರಿಯನ್ನು ಕರೆಸಬಹುದು, ವ್ಯಾಪಾರ ನಿಲ್ಲಿಸಬಹುದು, ಗಡಿ ಬಿಗಿ ಮಾಡಬಹುದು. ಹಿಂದೆ ಯಾವ ದೇಶವೂ ಇಲ್ಲದೆ, ನಮ್ಮದೇ ಓಣಿಯ ಇಬ್ಬರು ಮೂವರು ಮೊಬೈಲ್ ನೋಡಿ ತಲೆ ಕೆಡಿಸಿಕೊಂಡು ಬಾಂಬ್ ಮಾಡಿದರೆ ಯಾರನ್ನು ಹೊಡೆಯುವುದು? ಆಗ ಸರ್ಕಾರದ ಕೈ ಹತ್ತಿರ ಸಿಕ್ಕಿದವರ ಮೇಲೆ ಬೀಳುತ್ತದೆ. ಅಂದರೆ ಅವರ ಊರು, ಅವರ ಸಮುದಾಯದ ಮೇಲೆ. ತಪ್ಪಾಗುವುದು ಇಲ್ಲಿಯೇ. ಏಕೆಂದರೆ ಇಂಥ ಕೃತ್ಯದ ಮೊದಲ ಸುಳಿವು ಸಿಗುವುದೂ ಅದೇ ಓಣಿಯಲ್ಲಿ.

ಶ್ರೀಲಂಕಾವನ್ನು ನೋಡಿ. 2019ರ ಎಪ್ರಿಲ್ 21ರ ಈಸ್ಟರ್ ದಿನ ಮೂರು ಚರ್ಚ್ ಮತ್ತು ಮೂರು ದೊಡ್ಡ ಹೋಟೆಲುಗಳಲ್ಲಿ ಆತ್ಮಾಹುತಿ ದಾಳಿ ನಡೆದು 260ಕ್ಕೂ ಹೆಚ್ಚು ಮಂದಿ ಸತ್ತರು. ಮಾಡಿದವರು ಐಸಿಸ್ ಹೆಸರು ಹೇಳಿಕೊಂಡರೂ ಹೊರಗಿನಿಂದ ಬಂದವರಲ್ಲ, ಅದೇ ಮಣ್ಣಿನ ಮುಸ್ಲಿಂ ಹೆಸರಿನವರು. ಅವರ ಮುಖಂಡ ಝಹ್ರಾನ್ ಹಾಶಿಮ್‌ನ ವಿರುದ್ಧ ಅವನ ಊರು ಕಾತ್ತಾನ್‌ಕುಡಿಯ ಮುಸ್ಲಿಮರೇ ಮೊದಲು ದೂರು ಕೊಟ್ಟಿದ್ದರು. ಗುಂಪು ಬಚ್ಚಿಟ್ಟ ಸ್ಫೋಟಕ ಪತ್ತೆಗೆ ಪೊಲೀಸರಿಗೆ ಸಹಾಯ ಮಾಡಿದ ಮಾವನೆಲ್ಲದ ಒಬ್ಬ ಮುಸಲ್ಮಾನನಿಗೆ 2019ರ ಮಾರ್ಚ್‌ನಲ್ಲಿ ಮನೆಗೆ ನುಗ್ಗಿ ಗುಂಡು ಹೊಡೆದರು. ಎಪ್ರಿಲ್ ಮೊದಲ ವಾರ ಭಾರತದ ಗುಪ್ತಚರರೂ ಎಚ್ಚರಿಕೆ ಕಳಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದಾಳಿಯ ನಂತರ ಏನಾಯಿತು? ದಾಳಿಕೋರರ ಮಯ್ಯಿತ್‌ಗೆ ನಮ್ಮ ಖಬರ್‌ಸ್ಥಾನದಲ್ಲಿ ಜಾಗವಿಲ್ಲ ಎಂದು ಅಲ್ಲಿನ ಉಲಮಾಗಳು ಹೇಳಿದರು. ಸೈಂದಮರುದುವಿನಲ್ಲಿ ಬಾಡಿಗೆ ಮನೆಗೆ ಬಂದ ಹೊಸಬರ ಮೇಲೆ ಸಂಶಯಪಟ್ಟು ಸುಳಿವು ಕೊಟ್ಟವರೂ ಮುಸ್ಲಿಮರೇ. ಇಷ್ಟೆಲ್ಲ ಆದರೂ ತುರ್ತು ಕಾನೂನಿನಡಿ ಮುಖಪರದೆ ನಿಷೇಧವಾಯಿತು, ನೂರಾರು ಮಂದಿ ಬಂಧನವಾಯಿತು. ಬಟ್ಟೆಯ ಮೇಲಿದ್ದ ಹಡಗಿನ ಚುಕ್ಕಾಣಿಯ ಚಿತ್ರವನ್ನು ಬೌದ್ಧರ ಧರ್ಮಚಕ್ರ ಎಂದು ತಿಳಿದು ಒಬ್ಬ ಹೆಂಗಸನ್ನು ವಾರಗಟ್ಟಲೆ ಜೈಲಿನಲ್ಲಿಟ್ಟರು. ಮೇ ತಿಂಗಳಲ್ಲಿ, ಅದೂ ರಮಳಾನಿನಲ್ಲಿ, ಮಸೀದಿ ಅಂಗಡಿಗಳಿಗೆ ಬೆಂಕಿ ಬಿತ್ತು. ಒಬ್ಬ ಬಡಗಿಯ ಪ್ರಾಣವೂ ಹೋಯಿತು. ಇಷ್ಟು ನೋಡಿದ ಮೇಲೆ ಮುಂದೆ ಯಾವ ಮುಸಲ್ಮಾನ ಧೈರ್ಯದಿಂದ ಠಾಣೆಗೆ ಹೋಗಿ ಹೇಳಿಯಾನು?

ನಿಜವಾದ ಲೋಪ ಎಲ್ಲಿತ್ತೆಂದು ಕೊನೆಗೆ ಹೇಳಿದ್ದು ಕೋರ್ಟು. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಎಚ್ಚರಿಕೆ ಬಂದರೂ ದಾಳಿ ತಡೆಯದ ತಪ್ಪಿಗೆ ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನಾ ಅವರೇ 10 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಜುಮುಅಕ್ಕೆ ಸೇರಿದ್ದವರ ಮೇಲೆ ಒಬ್ಬ ಬಿಳಿಯ ಜನಾಂಗವಾದಿ ಗುಂಡು ಹಾರಿಸಿ 51 ಮಂದಿಯನ್ನು ಕೊಂದ. ಅವನ ಹಿಂದೆಯೂ ಯಾವ ದೇಶವಿರಲಿಲ್ಲ. ಒಂದು ತಿಂಗಳು ತುಂಬುವ ಮೊದಲೇ ಅಲ್ಲಿನ ಸಂಸತ್ತು ಅಂಥ ಬಂದೂಕುಗಳನ್ನು ನಿಷೇಧಿಸಿತು. ಭದ್ರತಾ ಇಲಾಖೆಗಳ ಗಮನವೆಲ್ಲ ಮುಸ್ಲಿಂ ಉಗ್ರರ ಮೇಲೆಯೇ ಅತಿಯಾಗಿ ಇತ್ತೆಂದು ತನಿಖಾ ಆಯೋಗ ಹೇಳಿದಾಗ ಪ್ರಧಾನಿ ಜಸಿಂಡಾ ಆರ್ಡೆರ್ನ್ ಕ್ಷಮೆ ಕೇಳಿದರು.

ಸತ್ತವರು ಮುಸ್ಲಿಮರಾದ್ದರಿಂದ ಹಾಗೆ ನಡೆದುಕೊಂಡರು, ಕೊಂದವನೇ ಮುಸ್ಲಿಮನಾಗಿದ್ದರೆ? ಆ ಪರೀಕ್ಷೆಯೂ ಬಂತು. 2021ರ ಸೆಪ್ಟೆಂಬರ್ 3ರಂದು ಆಕ್ಲೆಂಡಿನ ಸೂಪರ್ ಮಾರ್ಕೆಟಿನಲ್ಲಿ ಐಸಿಸ್ ತಲೆಗೆ ಹತ್ತಿಸಿಕೊಂಡ ಶ್ರೀಲಂಕಾ ಮೂಲದ ಮುಸ್ಲಿಮನೊಬ್ಬ ಹಲವರಿಗೆ ಚೂರಿ ಹಾಕಿದ. ಅವನನ್ನು ಹಿಂಬಾಲಿಸುತ್ತಿದ್ದ ಪೊಲೀಸರು ಅಲ್ಲೇ ಗುಂಡಿಟ್ಟು ಕೊಂದರು. ಇದು ಒಬ್ಬನ ಕೃತ್ಯ, ಧರ್ಮದ್ದಲ್ಲ, ಜನಾಂಗದ್ದಲ್ಲ ಎಂದು ಅದೇ ದಿನ ಪ್ರಧಾನಿ ಹೇಳಿದರು. ಭಯೋತ್ಪಾದನಾ ದಾಳಿಗೆ ತಯಾರಿ ಮಾಡುವುದು ಅಪರಾಧ ಎಂದು ಅಲ್ಲಿನ ಕಾನೂನಿನಲ್ಲಿ ಇರಲಿಲ್ಲ. ಅದೇ ತಿಂಗಳು ಆ ಲೋಪವನ್ನು ಮುಚ್ಚಿದರು. ಕಾನೂನು ಬಿಗಿಯಾಯಿತು, ಆದರೆ ಬಿಗಿಯಾದದ್ದು ಕೃತ್ಯದ ಮೇಲೆ. ಯಾರ ಉಡುಪಿನ ಮೇಲೂ ಅಲ್ಲ.

ಸರ್ಕಾರಗಳಿಂದ ನಾವು ಕೇಳುವುದು ಇಷ್ಟೇ. ತಪ್ಪು ಮಾಡಿದವನನ್ನು ಹಿಡಿಯಿರಿ, ಕೋರ್ಟಿನಲ್ಲಿ ರುಜು ಮಾಡಿ, ಶಿಕ್ಷೆ ಕೊಡಿ, ನಮ್ಮ ತಕರಾರಿಲ್ಲ. ಸ್ಫೋಟಕ, ಆಯುಧ, ದುಡ್ಡಿನ ದಾರಿ ಮುಚ್ಚಿ. ಸುಳಿವು ಕೊಟ್ಟವನಿಗೆ ರಕ್ಷಣೆ ಕೊಡಿ. ಸಂಶಯದಿಂದ ಹಿಡಿದವನ ಮೇಲೆ ಏನೂ ಸಿಗದಿದ್ದರೆ ಅದನ್ನು ಬಹಿರಂಗವಾಗಿ ಹೇಳಿ ಮನೆಗೆ ಕಳಿಸಿ.

ನಮ್ಮ ಕಡೆಯಲ್ಲೂ ಕೆಲಸ ಉಂಟು. "ನಮ್ಮವನಲ್ಲವಾ, ಸುಮ್ಮನಿರು" ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮಗ ಮನೆಯವರೊಂದಿಗೆ ಮಾತು ಬಿಟ್ಟು, ಊರಿನ ಉಸ್ತಾದರನ್ನೆಲ್ಲ ಕಾಫಿರ್ ಎನ್ನಲಿಕ್ಕೆ ಶುರು ಮಾಡಿದರೆ ಮೊದಲು ತಿಳಿಯುವುದು ಉಮ್ಮನಿಗೆ. ಅವಳು ಅದನ್ನು ಯಾರಲ್ಲಿ ಹೇಳಬೇಕು? ಖತೀಬರಲ್ಲಿ, ಜಮಾಅತಿನ ಹಿರಿಯರಲ್ಲಿ ಹೇಳುವ ಧೈರ್ಯ ಅವಳಿಗೆ ಬರಬೇಕು. ಕೈಮೀರಿದ ವಿಷಯವಾದರೆ ಅವಳ ಜೊತೆ ಠಾಣೆಗೆ ಹೋಗಲು ಹಿರಿಯರು ಹಿಂಜರಿಯಬಾರದು. ಅಲ್ ಮಾಇದಾ ಅಧ್ಯಾಯದ 32ನೇ ವಚನವನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಒಂದು ಜೀವ ಎಂದರೆ ಆ ರಿಕ್ಷಾ ಚಾಲಕನದ್ದೂ ಹೌದೆಂದು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ನಾಳೆ ಎಲ್ಲಾದರೂ ಒಂದು ತಪ್ಪು ಕಂಡರೆ ಅವನು ಹೆದರದೆ ಠಾಣೆಯ ಮೆಟ್ಟಿಲು ಹತ್ತಬೇಕು. ಹತ್ತಿದವನನ್ನು ಒಳಗೆ ಕೂರಿಸಿ ಕೇಳುವವರೂ ಅಲ್ಲಿರಬೇಕು.